ಅಭ್ಯಾಸದ ಕರೆಗೆ ಹೊರಟ ಗಾಡಿ

"ಇನ್ನೊಂದ್ಸಲ ಹಾಕಿ," ಎಂದರು ಸಾವಧಾನ.

ಇನ್ಸ್‌ಪೆಕ್ಟರಿಗೆ ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇದೆ. ಮಾತಿಗೊಮ್ಮೆ ‘ಸಾವಧಾನ, ಸಾವಧಾನ’ ಎನ್ನುವ ಚಾಳಿಯಿಂದ ಇಡೀ ಇಲಾಖೆ ಅವರನ್ನು ಹಾಗೇ ಕರೆಯುತ್ತದೆ. ಬಂದಾಗಿನಿಂದ ಅವರು ಒಂದೇ ರೆಕಾರ್ಡಿಂಗನ್ನು ತಿರುತಿರುಗಿ ಹಾಕಿಸುತ್ತಿದ್ದರು. ಕೇಳಿ ಕೇಳಿ ನನ್ನ ದನಿಯ ಮೇಲೆ ನನಗೇ ಹೇಸಿಗೆ ಬಂದಿತ್ತು.

ಮೇಜಿನ ಈ ಬದಿಗೆ ನಾನು. ಎದುರಿಗೆ, ನನಗೆ ತರಬೇತಿ ಕೊಡುತ್ತಿರುವ ನಾಟಕದಕ್ಕ. ಅವರು ಕೈಕಟ್ಟಿ ಕೂತು ಗೋಡೆ ನೋಡುತ್ತಿದ್ದರು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ನನ್ನ ಉಗುರು ನೋಡುತ್ತಿದ್ದೆ.

ಆ ಮಧ್ಯಾಹ್ನ ನಡೆದದ್ದು ಇಷ್ಟು: ಅಭ್ಯಾಸಕ್ಕೆಂದು ಬಂದ ಸುಳ್ಳು ಕರೆಗೆ ನಾನು ನಿಜವಾದ ಗಸ್ತು ಗಾಡಿಯನ್ನು ಕಳಿಸಿಬಿಟ್ಟೆ. ಗಾಡಿಯವರು ಹೋಗಿ ನೋಡಿದರೆ ಹೊರಗಿನಿಂದ ಬೀಗ ಹಾಕಿದ ಮನೆ, ಒಳಗೆ ಪ್ರಜ್ಞೆಯಿಲ್ಲದೆ ಬಿದ್ದಿದ್ದ ಹೆಂಗಸು.

ಸುಳ್ಳು ಕರೆ ನಿಜವಾಗುವುದೆಂದರೇನು? ಅದೇ ತಲೆ ಕೆಡಿಸುವಂಥದ್ದು. ಅದರ ಮೇಲೆ, ಆ ಮನೆ ನಮ್ಮ ಶಿಫ್ಟಿನ ಮುಖ್ಯಸ್ಥರದ್ದು. ಇಡೀ ಹಾಲಿನಲ್ಲಿ ಎತ್ತರದ ಕಟ್ಟೆಯ ಮೇಲೆ ಕೂತು ದೊಡ್ಡ ಪರದೆಯಲ್ಲಿ ಎಲ್ಲ ಕರೆಗಳನ್ನೂ ನೋಡುವುದರಿಂದ ಅವರಿಗೆ ಹದ್ದು ಎಂದು ಅಡ್ಡಹೆಸರು. ಬಿದ್ದಿದ್ದವಳು ಹದ್ದಿನ ಹೆಂಡತಿಯಂತೆ. ಸುದ್ದಿ ವೈರ್‌ಲೆಸ್‌ನಲ್ಲಿ ಬಂದ ಕೂಡಲೇ ಅವರು ಬಿದ್ದಂಬೀಳ ಆಸ್ಪತ್ರೆಗೆ ಓಡಿದ್ದರು.

ಮನೆಯಲ್ಲಿ ಇರಬೇಕಾಗಿದ್ದ ಐದು ವರ್ಷದ ಮಗಳು ಮಾತ್ರ ಎಲ್ಲೂ ಇರಲಿಲ್ಲ.

ರೆಕಾರ್ಡಿಂಗ್ ಮತ್ತೆ ಶುರುವಾಯಿತು. ನನ್ನ ದನಿ, "ತುರ್ತು ಸೇವೆ, ನೀವು ಎಲ್ಲಿಂದ ಮಾತಾಡ್ತಿದ್ದೀರಿ?" ಎಂದು ಕೇಳಿತು. ಬಟ್ಟೆ ಅಡ್ಡ ಹಿಡಿದಂಥ ಹೆಣ್ಣುದನಿಯೊಂದು ಬೀದಿ ಹೇಳಿತು. ನೀರಿನ ಟ್ಯಾಂಕಿನ ಹಿಂದಿನ ಕಟ್ಟಡ ಎಂದಿತು. ಮೂರನೇ ಮಹಡಿ ಎಂದಿತು, ಎಡಗಡೆ ಬಾಗಿಲು ಎಂದಿತು. ಒಳಗೆ ಒಬ್ಬಳನ್ನು ಕೂಡಿಹಾಕಿ ಗಂಡ ಹೋಗಿದ್ದಾನೆ, ಕರೆದರೆ ಮಾತಾಡುತ್ತಿಲ್ಲ ಎಂದಿತು. ಕೊನೆಗೆ, ಜೊತೆಗೊಂದು ಹೆಣ್ಣುಮಗು ಇದೆ ಎಂದು ಹೇಳಿ ಫೋನ್ ಇಟ್ಟಿತು.

ಇಲ್ಲಿ ನಮ್ಮ ಕೆಲಸದ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ನಿಮಗೂ ನನ್ನ ಹಾಗೇ ಗೊಂದಲವಾಗುತ್ತದೆ. ರಾಜ್ಯ ಪೊಲೀಸರ ತುರ್ತು ಕರೆ ಕೇಂದ್ರಕ್ಕೆ ಸೇರಿದವರನ್ನು ನೇರವಾಗಿ ಜನರ ಕರೆಗೆ ಕೂರಿಸುವುದಿಲ್ಲ. ಪಕ್ಕದಲ್ಲೊಂದು ಸಣ್ಣ ಗಾಜಿನ ಕೋಣೆ ಇದೆ. ಅಲ್ಲಿಂದ ಹಿರಿಯರು ಸುಳ್ಳು ಕರೆ ಮಾಡುತ್ತಾರೆ, ನಾವು ನಿಜವೆಂದೇ ನಂಬಿ ಉತ್ತರಿಸಬೇಕು. ಮುಖ ಕಂಡರೆ ಅಭ್ಯಾಸ ಕೆಡುತ್ತದೆಂದು ಗಾಜಿಗೆ ಪರದೆ ಎಳೆದಿರುತ್ತಾರೆ.

ಕಾಲಡಿಯಲ್ಲೊಂದು ಪೆಡಲ್ ಇರುತ್ತದೆ. ಕೈ ಟೈಪು ಮಾಡುತ್ತಿರುವಾಗಲೇ ಕಾಲಿನಿಂದ ಅದನ್ನೊತ್ತಿ ಗಾಡಿಯವರ ಜೊತೆ ವೈರ್‌ಲೆಸ್‌ನಲ್ಲಿ ಮಾತಾಡಬೇಕು. ಕಲಿಯುವವರ ಪೆಡಲ್‌ಗೆ ಜೀವ ಇರುವುದಿಲ್ಲ. ಮೇಜಿನ ಕೆಳಗಿನ ಗುಂಡಿ ‘ಅಭ್ಯಾಸ’ ಎನ್ನುವಲ್ಲಿ ಇರುವ ತನಕ ಎಷ್ಟು ಒತ್ತಿದರೂ ಮಾತು ಹೊರಗೆ ಹೋಗದು.

ಈ ಹೊತ್ತು ಆ ಗುಂಡಿ ‘ಕೆಲಸ’ ಎನ್ನುವಲ್ಲಿ ಇತ್ತು. ನಾನು ತಿರುಗಿಸಿದೆನೇ? ಇಲ್ಲವೆಂದು ಆಣೆ ಮಾಡಬಲ್ಲೆ. ಆದರೆ ಒಂದೇ ಪ್ರಶ್ನೆಯನ್ನು ಹತ್ತಾರು ಜನ ಹತ್ತಾರು ಸಲ ಕೇಳಿದರೆ, ನಾನು ನಮ್ಮಮ್ಮನ ಮಗಳು ಹೌದೋ ಅಲ್ಲವೋ ಎಂದೂ ಅನುಮಾನ ಬರುತ್ತದೆ.

ಈ ಕೆಲಸಕ್ಕೆ ಸೇರುತ್ತೇನೆಂದಾಗ ನಮ್ಮತ್ತೆ, ಫೋನ್ ಎತ್ತಿ ಹಲೋ ಅನ್ನೋದಕ್ಕೂ ಪರೀಕ್ಷೆ ಇದೆಯಾ ಎಂದು ನಕ್ಕಿದ್ದರು. ಇವತ್ತು ಮನೆಗೆ ಹೋಗಿ ಏನು ಹೇಳಲಿ ಎಂದು ಆ ಗಲಾಟೆಯ ಮಧ್ಯೆಯೂ ಒಮ್ಮೆ ಯೋಚಿಸಿದೆ. ಆಮೇಲೆ ಆ ಮಗುವಿನ ನೆನಪಾಗಿ ನನ್ನ ಮೇಲೇ ಸಿಟ್ಟು ಬಂತು.

ಸಾವಧಾನ ನನ್ನ ಕಡೆ ತಿರುಗಿ, ಇದು ಸುಳ್ಳು ಕರೆ ಎಂದು ನಿಮಗೆ ಯಾಕೆ ಅನ್ನಿಸಿತು ಎಂದು ಕೇಳಿದರು. ಅಭ್ಯಾಸದ ಲೈನಿನಲ್ಲಿ ಬಂತಲ್ಲ ಎಂದೆ. ಅದಲ್ಲದೆ ಬೇರೇನಾದರೂ ಇತ್ತೇ ಎಂದರು.

ಇತ್ತು. ಹೇಗೆ ಹೇಳಬೇಕೆಂದು ಗೊತ್ತಿರಲಿಲ್ಲ.

"ಟೈಪ್ ಮಾಡೋಕೆ ಸುಲಭ ಆಗಿತ್ತು ಸಾರ್," ಎಂದೆ.

ನಿಜವಾಗಿ ಕಷ್ಟದಲ್ಲಿರುವವರು ಕಟ್ಟೆ ಒಡೆದ ಕೆರೆಯ ಹಾಗೆ ಮಾತಾಡುತ್ತಾರೆ. ಏನಾಯಿತು ಎನ್ನುವುದನ್ನೇ ಮೂರು ಸಲ ಹೇಳಿ, ಎಲ್ಲಿ ಎನ್ನುವುದನ್ನು ನುಂಗುತ್ತಾರೆ. ಈ ಹೆಂಗಸು ಮೊದಲು ಎಲ್ಲಿ ಎಂದಳು. ನಂತರ ಗುರುತು, ನಂತರ ಮಹಡಿ, ನಂತರ ಬಾಗಿಲು. ಅಷ್ಟೇ ಅಲ್ಲ, ಒಂದೊಂದು ಮಾತಿಗೂ ಬೆರಳಿಗೆ ಬಿಡುವು ಕೊಟ್ಟು ನಿಂತಳು. ನಾನು ಕೊನೆಯ ಅಕ್ಷರ ಒತ್ತುವುದಕ್ಕೂ ಅವಳು ಮುಂದಿನ ಮಾತು ತೆಗೆಯುವುದಕ್ಕೂ ಸರಿಹೋಗುತ್ತಿತ್ತು. ಅಬ್ಬಾ, ಕೆಲಸ ಕೈಗೆ ಹತ್ತಿತು ಎಂದು ನಾನು ಆ ಕ್ಷಣ ಒಳಗೊಳಗೇ ಬೀಗಿದ್ದೆ.

ಸಾವಧಾನ ಮುಂದಕ್ಕೆ ಬಾಗಿದರು. "ಅಂದ್ರೆ, ನಿಮ್ಮ ಕುರ್ಚೀಲಿ ಕೂತು ಕೆಲಸ ಮಾಡಿದವರೇ ಯಾರೋ," ಎಂದರು.

ನಾಟಕದಕ್ಕ ಗೋಡೆಯಿಂದ ಕಣ್ಣು ಕಿತ್ತರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಅವರಲ್ಲ. ತಾನು ಆ ಹೊತ್ತಿಗೆ ಕೆಳಗೆ ಟೀ ಕುಡಿಯಲು ಹೋಗಿದ್ದೆ, ಗಾಜಿನ ಕೋಣೆಗೆ ಬೀಗ ಹಾಕುವ ಪದ್ಧತಿಯೇ ಇಲ್ಲ, ಯಾರು ಬೇಕಾದರೂ ಒಳಗೆ ಹೋಗಬಹುದು ಎಂದು ಮೊದಲೇ ಹೇಳಿದ್ದನ್ನೇ ಮತ್ತೆ ಹೇಳಿದರು. ಆಮೇಲೆ ನನ್ನತ್ತ ಬೆರಳು ತೋರಿಸಿದರು.

"ಇವಳನ್ನೇ ಕೇಳಿ ಸಾರ್. ನಾನು ಯಾವತ್ತಾದ್ರೂ ವಿಳಾಸ ಅಷ್ಟು ಸುಲಭಕ್ಕೆ ಬಿಟ್ಟುಕೊಟ್ಟಿದ್ದೀನಾ?"

ಅದಂತೂ ಸತ್ಯ. ನಾಟಕದಕ್ಕ ಕರೆ ಮಾಡಿದರೆ ವಿಳಾಸ ಹೊರಡಿಸುವಷ್ಟರಲ್ಲಿ ನಮ್ಮ ಹಣೆ ಬೆವರುತ್ತಿತ್ತು. ಒಂದು ದಿನ ಕುಡುಕನಾಗುತ್ತಾರೆ, ಒಂದು ದಿನ ಕಿವಿ ಕೇಳದ ಮುದುಕಿ. ‘ನಮ್ಮನೆ ಗೊತ್ತಿಲ್ವಾ, ಎಲ್ಲರಿಗೂ ಗೊತ್ತಲ್ಲ’ ಎಂದು ಜಗಳಕ್ಕೆ ನಿಲ್ಲುತ್ತಾರೆ. ಕಲ್ಲಿನಿಂದ ಎಣ್ಣೆ ಹಿಂಡಲು ಕಲಿತರೆ ನಾಳೆ ಜನರಿಂದ ವಿಳಾಸ ಹಿಂಡಬಹುದು ಎನ್ನುವುದು ಅವರ ಪಾಠ. ಸಾವಧಾನ ತಲೆಯಾಡಿಸಿದರು, ಒಪ್ಪಿದಂತೆಯೂ ಇತ್ತು, ಒಪ್ಪದಂತೆಯೂ ಇತ್ತು.

"ಕೊನೇ ಸಲ," ಎಂದು ಅವರೇ ಗುಂಡಿ ಒತ್ತಿದರು.

ಈ ಸಲ ನನಗೆ ಕೇಳುವ ಶಕ್ತಿ ಇರಲಿಲ್ಲ. ತಲೆ ತಗ್ಗಿಸಿ ಮೇಜಿನ ಕೆಳಗೆ ನೋಡುತ್ತಾ ಕೂತೆ. ಅಲ್ಲಿ ನಾಟಕದಕ್ಕನ ಬಲಗಾಲು ಕಾಣುತ್ತಿತ್ತು.

ವರ್ಷಗಟ್ಟಲೆ ಪೆಡಲ್ ಒತ್ತಿದ ಕಾಲು ಸುಮ್ಮನಿರುವುದಿಲ್ಲ. ನಮ್ಮ ಹಿರಿಯರು ಮನೆಯಲ್ಲಿ ಟೀವಿ ನೋಡುವಾಗಲೂ, ಪರದೆಯಲ್ಲಿ ಯಾರಾದರೂ ವಿಳಾಸ ಹೇಳಿದರೆ ನೆಲ ಒತ್ತುತ್ತಾರಂತೆ. ಅಕ್ಕನ ಕಾಲೂ ಒತ್ತಿತು, ಅದರಲ್ಲಿ ವಿಶೇಷವಿಲ್ಲ. ಆದರೆ ರೆಕಾರ್ಡಿಂಗಿನ ಹೆಂಗಸು ‘ಎಡಗಡೆ ಬಾಗಿಲು’ ಎನ್ನುವ ಮೊದಲೇ ಅದು ಒತ್ತಿತ್ತು. ಆಮೇಲಿನ ಮಾತಿಗೂ ಅಷ್ಟೇ. ಉಸಿರು ಎಳೆದುಕೊಳ್ಳುವ ಜಾಗದಲ್ಲಿ ಕಾಲು ನಿಲ್ಲುತ್ತಿತ್ತು, ದನಿಗಿಂತ ಒಂದು ಚೂರು ಮುಂದೆ ಹೊರಡುತ್ತಿತ್ತು.

ಹತ್ತಾರು ಸಲ ಕೇಳಿದರೆ ಯಾರಿಗಾದರೂ ಬಾಯಿಪಾಠ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗಾದರೆ ನನ್ನ ಕಾಲು ಯಾಕೆ ಇನ್ನೂ ತಡವರಿಸುತ್ತಿದೆ? ಕರೆಗೆ ಉತ್ತರಿಸಿದವಳು ನಾನೇ ಅಲ್ಲವೇ?

ಅಷ್ಟರಲ್ಲಿ ಸಾವಧಾನರನ್ನು ಯಾರೋ ಬಾಗಿಲಿಗೆ ಕರೆದರು. ಬೀಗ ಒಡೆದ ಗಾಡಿಯ ಚಾಲಕ ಆಸ್ಪತ್ರೆಯ ಕೆಲಸ ಮುಗಿಸಿ ಬಂದಿದ್ದಾನಂತೆ. ಅವರು ಹೊರಗೆ ಹೋದರು. ಕೋಣೆಯಲ್ಲಿ ನಾವಿಬ್ಬರೇ ಉಳಿದೆವು.

"ಅಕ್ಕ, ನಿಮ್ಮ ಕಾಲು ನೋಡ್ದೆ," ಎಂದೆ.

ಅವರು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಅದೊಂದೇ ಸಾಕಾಗಿತ್ತು.

ನನಗೆ ಅಳು ಬರಬೇಕಿತ್ತೋ ಸಿಟ್ಟು ಬರಬೇಕಿತ್ತೋ ತಿಳಿಯಲಿಲ್ಲ. ಬೆಳಿಗ್ಗೆ ನನ್ನ ಕುರ್ಚಿ ಸರಿಮಾಡುವ ನೆಪದಲ್ಲಿ ಅವರು ಮೇಜಿನ ಕೆಳಗೆ ಬಗ್ಗಿದ್ದು ಈಗ ಹೊಳೆಯಿತು. ಗುಂಡಿ ತಿರುಗಿಸಿದ್ದು ನೀವೇ ಅಲ್ಲವೇ ಎಂದು ಕೇಳಿದೆ.

"ಮಧ್ಯಾಹ್ನದಿಂದ ಎಲ್ಲರೂ ನನ್ನನ್ನ ಹುಚ್ಚಿ ಥರ ನೋಡ್ತಿದ್ದಾರೆ. ನಾನೇ ನನ್ನನ್ನ ಹಾಗೆ ನೋಡ್ತಿದ್ದೀನಿ. ನೀವು ಇಲ್ಲೇ ಕೂತು ನೋಡ್ತಾ ಇದ್ರಲ್ಲ ಅಕ್ಕ?"

"ನೀನು ಎಡವಟ್ಟು ಮಾಡಿಲ್ಲ," ಎಂದರು ನಾಟಕದಕ್ಕ. "ಕರೆ ಮಾಡಿದ್ದು ನಾನೇ. ಅವಳು ನನ್ನ ತಂಗಿ."

ಆಮೇಲೆ ಅವರು ಹೇಳಿದ್ದನ್ನು ನಾನು ಅರ್ಧ ಕೇಳಿಸಿಕೊಂಡೆ, ಅರ್ಧ ತಲೆಯಲ್ಲಿ ತಿರುಗಿತು. ಹದ್ದಿನ ಹೆಂಡತಿ ಇವರ ಒಡಹುಟ್ಟಿದ ತಂಗಿ. ಆ ಮದುವೆ ಇವರಿಗೆ ಇಷ್ಟವಿರಲಿಲ್ಲ, ಅಂದಿನಿಂದ ತಂಗಿಯ ಗಂಡನೂ ಇವರೂ ಒಂದೇ ಹಾಲಿನಲ್ಲಿ ಎಣ್ಣೆ ಸೀಗೇಕಾಯಿ. ಸಂಬಂಧ ಇದೆಯೆಂದು ಇಲ್ಲಿ ಯಾರಿಗೂ ಹೇಳಕೂಡದೆಂದು ಅವನೇ ತಂಗಿಯಿಂದ ಮಾತು ತೆಗೆದುಕೊಂಡಿದ್ದ. ತಂಗಿಯ ಮೈಮೇಲೆ ಕೈ ಮಾಡುತ್ತಾನೆಂದು ಇವರಿಗೆ ತಿಳಿದದ್ದು ತೀರಾ ಇತ್ತೀಚೆಗೆ.

ಹಾಗಾದರೆ ತುರ್ತು ನಂಬರಿಗೆ ಕರೆ ಮಾಡಿದರಾಗುತ್ತಿರಲಿಲ್ಲವೇ ಎಂದೆ. ನಾಟಕದಕ್ಕ ನಕ್ಕರು. ಅಂಥ ನಗುವನ್ನು ಯಾವ ಅಭ್ಯಾಸದ ಕರೆಯಲ್ಲೂ ಅವರು ನಕ್ಕಿರಲಿಲ್ಲ.

"ಮಾಡಿದ್ದಾಳೆ. ಒಂದು ಸಲ ಅಲ್ಲ. ಕರೆ ಬಂದ ತಕ್ಷಣ ದೊಡ್ಡ ಪರದೇಲಿ ಬರುತ್ತೆ, ಅದರ ಮುಂದೆ ಕೂತಿರೋನು ಅವನು. ಗಾಡಿ ಹೋಗೋಕೆ ಮೊದಲೇ ಇವನ ಫೋನ್ ಮನೆಗೆ ಹೋಗಿರುತ್ತೆ. ಬಾಗಿಲು ತೆಗೆದು, ಮಗು ಆಟ ಆಡ್ತಾ ನಂಬರ್ ಒತ್ತಿಬಿಡ್ತು ಅಂತ ಹೇಳಿ ಗಾಡಿಯವರಿಗೆ ಟೀ ಕೊಟ್ಟು ಕಳಿಸಿದ್ದಾಳೆ ನನ್ನ ತಂಗಿ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಪರದೆಗೆ ಬಾರದ ಕರೆ ಈ ಕಟ್ಟಡದಲ್ಲಿ ಒಂದೇ ಇತ್ತು, ಅದು ಅಭ್ಯಾಸದ ಕರೆ.

ಇವತ್ತು ತಂಗಿ ಮಗಳನ್ನು ಕರೆದುಕೊಂಡು ಮನೆ ಬಿಡುವವಳಿದ್ದಳು. ಮಧ್ಯಾಹ್ನದೊಳಗೆ ಫೋನ್ ಮಾಡದಿದ್ದರೆ ಏನೋ ಆಗಿದೆ ಎಂದು ತಿಳಿ ಅಕ್ಕ ಎಂದಿದ್ದಳು. ಬೆಳಿಗ್ಗೆಯೇ ಗುಂಡಿ ತಿರುಗಿಸಿಟ್ಟ ಅಕ್ಕ, ಫೋನಿಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಫೋನ್ ಬರಲಿಲ್ಲ. ಅವರು ಮಾಡಿದರೆ ಯಾರೂ ಎತ್ತಲಿಲ್ಲ. ಗಾಜಿನ ಕೋಣೆಗೆ ಹೋಗಿ ಪರದೆ ಎಳೆದರು. ಬೀಗ ಹಾಕಿರುತ್ತಾನೆ, ಒಳಗಿದ್ದವಳಿಗೆ ಮಾತಾಡುವ ಸ್ಥಿತಿ ಇರುವುದಿಲ್ಲ ಎನ್ನುವುದೆಲ್ಲ ಅವರ ಊಹೆ. ಊಹೆಯೇ ನಿಜವಾಗಿತ್ತು.

"ನನ್ನನ್ನೇ ಯಾಕೆ ಆರಿಸಿಕೊಂಡ್ರಿ?" ಎಂದೆ.

"ನೀನು ವಿಳಾಸ ಸಿಕ್ಕ ತಕ್ಷಣ ಗಾಡಿ ಬಿಡ್ತೀಯ. ಬೇರೆಯವರು ಯೋಚನೆ ಮಾಡ್ತಾರೆ."

ಹೊಗಳಿದರೋ ಬೈದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಸಿಟ್ಟಂತೂ ನೆತ್ತಿಗೇರಿತು. ತಂಗಿಯನ್ನು ಉಳಿಸಿಕೊಳ್ಳಲು ನನ್ನ ನೌಕರಿಯನ್ನು ಪಣಕ್ಕಿಟ್ಟಿದ್ದೀರಿ, ಒಂದು ಮಾತು ಹೇಳಿದ್ದರೆ ನಾನೇನು ಬೇಡ ಅನ್ನುತ್ತಿದ್ದೆನೇ ಎಂದು ದನಿ ಏರಿಸಿದೆ. ಅವರು ಮೇಜಿನ ಮೇಲೆ ಬಾಗಿ ನನ್ನ ಮಣಿಕಟ್ಟು ಹಿಡಿದರು.

"ನೌಕರಿ ನಾನು ಉಳಿಸ್ತೀನಿ. ನೀನು ಮೊದಲು ಇದು ಹೇಳು. ಮಗು ಇದೆ ಅಂದಾಗ ಗಾಡಿಯವರು ಏನಂದ್ರು? ನೀನು ಹೇಳಿದ ಮೇಲೂ ಯಾಕೆ ಹುಡುಕಲಿಲ್ಲ?"

ಸಾವಧಾನ ತಿರುತಿರುಗಿ ಹಾಕಿಸಿದ್ದು ಫೋನಿನ ಮಾತನ್ನು. ವೈರ್‌ಲೆಸ್‌ನಲ್ಲಿ ನಾನು ಗಾಡಿಗೆ ಹೇಳಿದ್ದನ್ನು ಅಕ್ಕ ಕೇಳಿರಲೇ ಇಲ್ಲ. ಫೋನ್ ಇಟ್ಟ ಕೂಡಲೇ ಅವರು ಟೀ ಅಂಗಡಿಗೆ ಇಳಿದುಹೋಗಿದ್ದರು.

"ನಾನು ಹೇಳಲಿಲ್ಲ ಅಕ್ಕ."

ಎಲ್ಲಿ, ಏನು, ಯಾರು, ಜೊತೆಗೆ ಬೇರೆ ಯಾರಿದ್ದಾರೆ. ನಮ್ಮ ಸ್ಕ್ರೀನಿನ ಖಾನೆಗಳು ಇದೇ ಸಾಲಿನಲ್ಲಿವೆ. ಬೆರಳಿಗೆ ಅದೇ ರೂಢಿಯಾದ ನಾಟಕದಕ್ಕ, ತನ್ನ ತಂಗಿಯ ಜೀವದ ವಿಷಯದಲ್ಲೂ ಅದೇ ಸಾಲು ಹಿಡಿದರು. ಮಗು ಕೊನೆಗೆ ಬಂತು. ಅವರೇ ಕಲಿಸಿದ ಹಾಗೆ ನಾನು ವಿಳಾಸವೂ ವಿಷಯವೂ ಸಿಕ್ಕ ಕೂಡಲೇ ಪೆಡಲ್ ಒತ್ತಿ ಗಾಡಿ ಹೊರಡಿಸಿದ್ದೆ. ಉಳಿದದ್ದನ್ನು ಹಿಂದಿನಿಂದ ತಿಳಿಸಬೇಕು. ಹೇಗೂ ಅಭ್ಯಾಸ, ಮುಗಿಯಿತಲ್ಲ ಎಂದು ನಾನು ಹೆಡ್‌ಫೋನ್ ತೆಗೆದು ನೀರು ಕುಡಿದೆ. ಇಬ್ಬರೂ ಪಾಠದ ಪ್ರಕಾರವೇ ಮಾಡಿದ್ದೆವು, ನಡುವೆ ಒಂದು ಮಗು ಜಾರಿಹೋಗಿತ್ತು.

ನಾಟಕದಕ್ಕ ನನ್ನ ಕೈ ಬಿಟ್ಟರು. ಬೈದಿದ್ದರೆ ಸುಖವಾಗಿರುತ್ತಿತ್ತು. "ಅವಳು ಹೆದರಿದ್ರೆ ಬಚ್ಚಿಟ್ಕೋತಾಳೆ," ಎಂದಷ್ಟೇ ಅಂದರು. "ಕರೆದ್ರೂ ಬರಲ್ಲ."

ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಬಾಗಿಲು ತೆರೆಯಿತು. ಸಾವಧಾನರ ಹಿಂದೆ ಗಾಡಿಯ ಚಾಲಕ ಬಂದ. ಟೋಪಿ ಕಂಕುಳಲ್ಲಿತ್ತು. ಬೀಗ ಒಡೆದ ಕೈಗೆ ಪಟ್ಟಿ ಸುತ್ತಿಕೊಂಡಿದ್ದ. ಅವನ ಮುಖದ ತುಂಬ ಬೇಸರ. ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಬೇಕಾ ಸಾರ್ ಎಂದು ಗೊಣಗಿದ. ಹೇಳು ಎಂದರು ಸಾವಧಾನ. ಹೆಂಗಸನ್ನು ಸ್ಟ್ರೆಚರಿನಲ್ಲಿ ಇಳಿಸಿದೆವು, ಮನೆಗೆ ಹೊಸ ಬೀಗ ಹಾಕಿದೆವು, ಹೊರಡುವಾಗ ಒಳಗೆ ಮಗು ಇರಲಿಲ್ಲ ಎಂದು ಅವನು ಒಪ್ಪಿಸಿದ.

ನನಗೆ ಮಾತಾಡುವ ಅಧಿಕಾರ ಇರಲಿಲ್ಲ. ಆದರೂ ಬಾಯಿ ತಡೆಯಲಿಲ್ಲ. ತಿಂಗಳುಗಟ್ಟಲೆ ಕಲಿತದ್ದು ಒಂದೇ ವಿದ್ಯೆ, ಜನ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾರೆ.

"ಹೊರಡುವಾಗ ಇರಲಿಲ್ಲ. ಬೀಗ ಒಡೆದಾಗ?"

"ಆಗ ಇತ್ತಲ್ಲ," ಎಂದ ಚಾಲಕ.

ಸಾವಧಾನ ಕೂರಲು ಹೋದವರು ಅರ್ಧಕ್ಕೇ ನಿಂತರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ನೀವು ಕೇಳಿದ್ದು ಹೊರಡುವಾಗಿನ ಮಾತು ಸಾರ್ ಎಂದ. ಮಗು ಕಾಣೆಯಾಗಿದೆ ಎಂದು ತನಗೆ ಯಾರೂ ಹೇಳೇ ಇಲ್ಲ, ಇಷ್ಟು ಹೊತ್ತೂ ಆಸ್ಪತ್ರೆಯ ಬಾಗಿಲು ಕಾಯುತ್ತಿದ್ದೆ ಎಂದ. ಮಗು ಊಟದ ಮೇಜಿನ ಕೆಳಗೆ ಕೂತಿತ್ತು. ಅಳುತ್ತಿರಲಿಲ್ಲ. ತಾನೇ ಎತ್ತಿಕೊಂಡು ಮೆಟ್ಟಿಲಿಳಿದೆ ಎಂದ.

"ಆಮೇಲೆ?" ಎಂದರು ನಾಟಕದಕ್ಕ. ಅವರ ದನಿ ಗುರುತೇ ಸಿಗದಂತಿತ್ತು.

"ಆಮೇಲೇನು, ಕೆಳಗೆ ಗೇಟಿನ ಹತ್ರ ಅದರ ತಾಯಿ ನಿಂತಿದ್ರು. ಮಗು ಅಮ್ಮಾ ಅಂತ ನನ್ನ ಕೈಯಿಂದ ಹಾರಿಕೊಂಡು ಹೋಯ್ತು. ತಾಯೀನೇ ಬಂದ ಮೇಲೆ ನಾವ್ಯಾಕೆ ಹಿಡ್ಕೊಳ್ಳೋಣ?"

ಆ ತಾಯಿ ಹೇಗಿದ್ದಳೆಂದು ಸಾವಧಾನ ಕೇಳಿದರು. ಸಣಕಲು ಮೈ, ಗಿಡ್ಡ ಕೂದಲು, ಎಡಗೈಗೆ ಮೊಣಕೈ ತನಕ ಬಿಳಿ ಕಟ್ಟು ಎಂದ ಚಾಲಕ. ಪಾಪ, ಅವರು ಸ್ಟ್ರೆಚರ್ ನೋಡಿದ ಕೂಡಲೇ ಮಗುವಿನ ಕಣ್ಣಿಗೆ ಕೈ ಅಡ್ಡ ಹಿಡಿದರು, ಒಂದು ಮಾತೂ ಕೇಳದೆ ಟ್ಯಾಕ್ಸಿ ಹತ್ತಿ ಹೋದರು. ಬಿದ್ದಿರುವವಳು ಮನೆಗೆ ಬಂದ ನೆಂಟಳೋ ಏನೋ ಎಂದುಕೊಂಡೆ ಎಂದ.

"ಆ ಕಟ್ಟು ನಾನೇ ಕಟ್ಟಿಸಿದ್ದು," ಎಂದರು ನಾಟಕದಕ್ಕ. "ಹೋದ ವಾರ. ಅದು ನನ್ನ ತಂಗಿ. ಬದುಕಿದ್ದಾಳೆ. ಮಗು ಅವಳ ಹತ್ರಾನೇ ಇದೆ."

ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿದರು. ನನಗೂ ಕಣ್ಣು ತುಂಬಿತು. ಮಗು ಸಿಕ್ಕಿತು, ನಾನು ಕೊಂದಿಲ್ಲ, ಯಾರನ್ನೂ ಕೊಂದಿಲ್ಲ ಎಂದು ಮನಸ್ಸು ಒಂದೇ ಸಮನೆ ಹೇಳುತ್ತಿತ್ತು. ಬೇರೇನನ್ನೂ ಯೋಚಿಸುವ ತ್ರಾಣ ಅದಕ್ಕೆ ಇರಲಿಲ್ಲ.

ಸಾವಧಾನ ಮಾತ್ರ ನಮ್ಮಿಬ್ಬರನ್ನೂ ನೋಡಲಿಲ್ಲ. ಆಸ್ಪತ್ರೆಯಲ್ಲಿ ಕಾವಲಿಗೆ ಬಿಟ್ಟಿದ್ದ ಪೇದೆಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ಅಲ್ಲೇನು ನಡೆಯುತ್ತಿದೆ ಎಂದು ಕೇಳಿದರು.

ಪೇದೆಯ ದನಿ ಮರುಕದಿಂದ ಮೆತ್ತಗಾಗಿತ್ತು. ಹೆಂಗಸಿಗೆ ಇನ್ನೂ ಎಚ್ಚರ ಬಂದಿಲ್ಲ, ಸಾಹೇಬರು ಬಂದಾಗಿನಿಂದ ಹಾಸಿಗೆ ಬಿಟ್ಟು ಕದಲಿಲ್ಲ, ನನ್ನ ಹೆಂಡತಿ ನನ್ನ ಹೆಂಡತಿ ಎಂದು ಅವಳ ಕೈ ಹಿಡಿದು ಅಳುತ್ತಲೇ ಇದ್ದಾರೆ ಎಂದ.

ನಾಟಕದಕ್ಕ ಮುಖದಿಂದ ನಿಧಾನಕ್ಕೆ ಕೈ ತೆಗೆದರು. ಅವರ ಕೆನ್ನೆಯ ಮೇಲೆ ನೀರು ಇನ್ನೂ ಇಳಿಯುತ್ತಿತ್ತು.

"ಹಾಗಾದ್ರೆ ಅವನು ಯಾರ ಕೈ ಹಿಡ್ಕೊಂಡು ಕೂತಿದ್ದಾನೆ?"